ಸೋರಿಹೋದ ವೋಲ್ಟುಗಳ ಲೆಕ್ಕ

ವಾಹನ ಸರ್ವಿಸ್ ತಂತ್ರಜ್ಞರ ಪರೀಕ್ಷೆಗೆ ಓದಲು ಕುಳಿತಾಗ, ವರ್ಕ್‌ಶಾಪಿನಲ್ಲಿ ಅದುವರೆಗೆ ಕೈಯಾರೆ ಮಾಡಿದ್ದ ಕೆಲಸವೇ ನನ್ನನ್ನು ದಡ ಸೇರಿಸುತ್ತದೆ ಎಂದು ನಂಬಿದ್ದೆ. ಕ್ಲಚ್ ಇಳಿಸಿ ಜೋಡಿಸಿದ್ದೆ, ಬ್ರೇಕ್ ಪ್ಯಾಡುಗಳನ್ನು ಲೆಕ್ಕವಿಲ್ಲದಷ್ಟು ಬಾರಿ ಬದಲಿಸಿದ್ದೆ, ಫೀಲರ್ ಗೇಜ್ ಇಟ್ಟು ಟ್ಯಾಪೆಟ್ ಅಂತರ ಹೊಂದಿಸುವಷ್ಟು ಕೈ ಪಳಗಿತ್ತು. ಆದರೆ ಮೊದಲ ಮಾದರಿ ಪ್ರಶ್ನೆಪತ್ರಿಕೆಯನ್ನು ಬಿಡಿಸಿದ ದಿನ 100 ಪ್ರಶ್ನೆಗಳಲ್ಲಿ 47ಕ್ಕೆ ಮಾತ್ರ ನನ್ನ ಉತ್ತರ ಸರಿಯಾಗಿತ್ತು. ತಪ್ಪಿದವುಗಳಲ್ಲಿ ಹೆಚ್ಚಿನವು ನಾನು ಕಂಡರಿಯದ ಭಾಗಗಳ ಬಗೆಗಿನವಲ್ಲ, ದಿನವೂ ಬಿಚ್ಚಿ ಕಟ್ಟುತ್ತಿದ್ದ ಭಾಗಗಳ ಬಗೆಗಿನವೇ ಆಗಿದ್ದವು. ಯಾವ ದೋಷಕ್ಕೆ ಯಾವುದನ್ನು ಬಿಚ್ಚಬೇಕೆಂದು ಸ್ಪಾನರ್ ಹಿಡಿಯುವ ಮೊದಲೇ ತೀರ್ಮಾನಿಸುವ ಅಭ್ಯಾಸ ನನಗಿರಲಿಲ್ಲ.

ಆ ಪತ್ರಿಕೆಯಲ್ಲಿ ನನ್ನನ್ನು ಬಹಳವಾಗಿ ಕಾಡಿದ ಒಂದು ಬಗೆಯ ಪ್ರಶ್ನೆಯಿತ್ತು. ಗಾಡಿಯ ಒಂದು ದೋಷವನ್ನು ವಿವರಿಸಿ, ಅದರ ಬಗ್ಗೆ ಇಬ್ಬರು ತಂತ್ರಜ್ಞರು ಹೇಳಿದ ಮಾತುಗಳನ್ನು ಕೊಟ್ಟು, ಮೊದಲನೆಯವರು ಹೇಳಿದ್ದು ಸರಿಯೇ, ಎರಡನೆಯವರು ಹೇಳಿದ್ದೇ, ಎರಡೂ ಸರಿಯೇ, ಎರಡೂ ತಪ್ಪೇ ಎಂದು ಕೇಳುತ್ತಾರೆ. ಒಂದು ಸಿಲಿಂಡರಿನಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮಿದಾಗ ಏಳುವ ಒತ್ತಡ, ಕಡಿಮೆಯಿದೆ. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಗೇಜು ಮೇಲೇರುತ್ತದೆ. ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎನ್ನುತ್ತಾರೆ ಒಬ್ಬರು, ಪಿಸ್ಟನ್ ರಿಂಗ್ ಸವೆದಿದೆ ಎನ್ನುತ್ತಾರೆ ಇನ್ನೊಬ್ಬರು. ಆಯಿಲ್ ರಿಂಗುಗಳ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆಯೇ ಹೊರತು ಮೇಲಿರುವ ವಾಲ್ವನ್ನು ಮುಚ್ಚುವುದಿಲ್ಲ ಎಂಬ ಚಿತ್ರ ಕಣ್ಣ ಮುಂದೆ ಬಂದವರಿಗೆ ಉತ್ತರ ತಾನಾಗಿ ಹೊಳೆಯುತ್ತದೆ. ನಾನಾದರೋ ಆ ಪರೀಕ್ಷೆಯನ್ನು ಹತ್ತಾರು ಸಲ ಮಾಡಿದ್ದರೂ, ಆಯಿಲ್ ಬಿಡುವುದು ಏಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ನಮ್ಮ ವಿಭಾಗದ ಮೇಷ್ಟರಿಗೆ ಆ ಉತ್ತರಪತ್ರಿಕೆಯನ್ನು ತೋರಿಸಿದೆ. ಅವರು ಬೈಯಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಹೊಸದೊಂದು ನೋಟುಪುಸ್ತಕ ತರಿಸಿ, ಪ್ರತಿ ಪುಟದಲ್ಲಿ ಮೂರು ಅಂಕಣಗಳನ್ನು ಎಳೆಯಲು ಹೇಳಿದರು: ಇರಬೇಕಾದದ್ದು, ಇರುವುದು, ಇವೆರಡರ ನಡುವೆ ಬಂದು ನಿಂತಿರುವುದು. ಯಾವುದೇ ಗಾಡಿಯ ಬಾನೆಟ್ ಎತ್ತುವ ಮೊದಲು ಮೊದಲಿನ ಅಂಕಣ ತುಂಬಿರಬೇಕು ಎಂಬುದು ಅವರ ಕಟ್ಟಪ್ಪಣೆ. ಪರೀಕ್ಷೆಗೆ ಇನ್ನು ಮೂರೇ ತಿಂಗಳಿರುವಾಗ ಇಷ್ಟು ನಿಧಾನವಾಗಿ ನಡೆದರೆ ಪಾಠಗಳು ಮುಗಿಯುವುದು ಹೇಗೆ ಎಂಬ ಆತಂಕ ನನ್ನನ್ನು ಹಲವು ರಾತ್ರಿ ಎಚ್ಚರವಾಗಿಟ್ಟಿತ್ತು.

ಆ ಅಂಕಣಗಳ ಬೆಲೆ ತಿಳಿದದ್ದು ಒಂದು ಸೋಮಾರಿ ಸ್ಟಾರ್ಟರಿನಿಂದ. ವರ್ಕ್‌ಶಾಪಿನ ಅಭ್ಯಾಸದ ಕಾರೊಂದು ಸೆಲ್ಫ್ ಹೊಡೆದರೆ ನರಳುತ್ತಾ ನಿಧಾನವಾಗಿ ತಿರುಗುತ್ತಿತ್ತು. ಬ್ಯಾಟರಿ ಹೋಗಿದೆ ಎಂದು ನಾನು ನಿಂತಲ್ಲೇ ತೀರ್ಪು ಕೊಟ್ಟು, ಬೇರೊಂದು ಹೊಸ ಬ್ಯಾಟರಿಯನ್ನು ಹೊತ್ತು ತಂದು ಕೂರಿಸಿದೆ. ಸೆಲ್ಫ್ ಹೊಡೆದಾಗ ಮೊದಲಿನದೇ ನರಳಾಟ. ಈಗ ಸ್ಟಾರ್ಟರನ್ನೇ ಇಳಿಸುತ್ತೇನೆಂದು ಹೊರಟವನನ್ನು ಮೇಷ್ಟರು ತಡೆದು, ಪುಸ್ತಕ ತೆಗೆಯುವಂತೆ ಹೇಳಿದರು.

ಎಂಜಿನ್ ಚಾಲೂ ಆಗದಂತೆ ಇಂಧನದ ಫ್ಯೂಸ್ ತೆಗೆದಿಟ್ಟೆವು. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು; ತುಂಬಿದ ಬ್ಯಾಟರಿಯಲ್ಲಿ ಇರಬೇಕಾದದ್ದೂ ಅಷ್ಟೇ. ಸೆಲ್ಫ್ ಹೊಡೆಯುವಾಗ ಅದು 10.9ಕ್ಕೆ ಇಳಿಯಿತು, ಅದರಲ್ಲೂ ದೋಷವಿಲ್ಲ. ಆದರೆ ಸ್ಟಾರ್ಟರಿನ ತುದಿಯಲ್ಲಿ ಅದೇ ಗಳಿಗೆಯಲ್ಲಿ ಅಳೆದರೆ ಸಿಕ್ಕಿದ್ದು 9.0 ವೋಲ್ಟ್ ಮಾತ್ರ. ಬ್ಯಾಟರಿ ಕೊಟ್ಟದ್ದರಲ್ಲಿ 1.9 ವೋಲ್ಟ್ ದಾರಿಯಲ್ಲೇ ಕಳೆದುಹೋಗಿತ್ತು. ಪಾಸಿಟಿವ್ ಕೇಬಲ್ಲಿನ ಉದ್ದಕ್ಕೂ ಅಳೆದಾಗ ಕಳೆದದ್ದು 0.3. ಆಮೇಲೆ ಮೇಷ್ಟರು ಮೀಟರಿನ ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಅಂದರೆ ಅದನ್ನು ಹಿಡಿದಿರುವ ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ನೆತ್ತಿಗೇ ಒತ್ತಿ ಹಿಡಿಯಲು ಹೇಳಿ, ಕೆಂಪು ಪ್ರೋಬನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಮುಟ್ಟಿಸಿದರು. ಇನ್ನೊಬ್ಬ ವಿದ್ಯಾರ್ಥಿ ಸೆಲ್ಫ್ ಹೊಡೆದ. 1.6 ವೋಲ್ಟ್. ಅಲ್ಲಿ 0.2ಕ್ಕಿಂತ ಹೆಚ್ಚು ಇರಬಾರದಿತ್ತು.

ಎಂಜಿನ್ನಿಗೆ ಅರ್ಥ್ ಕೊಡುವ ಹೆಣೆದ ತಾಮ್ರದ ಪಟ್ಟಿಯನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಮೇಲೆ ನೋಡಿದರೆ ಗಟ್ಟಿಯಾಗಿಯೇ ಇತ್ತು. ಬೋಲ್ಟಿನ ಉಂಗುರ ಕೂರುವ ಜಾಗದಲ್ಲಿ ಮಾತ್ರ ಹಸಿರು ಕಿಲುಬು ಹತ್ತಿ, ಅದರಡಿಯಲ್ಲಿ ತುಕ್ಕಿನ ತೆಳುವಾದ ಪದರ ಬೆಳೆದಿತ್ತು. ಮೀಟರನ್ನು ಓಮ್‌ಗೆ ತಿರುಗಿಸಿ ಆ ಜೋಡಣೆಯನ್ನು ಅಳೆದಿದ್ದರೆ ಸೊನ್ನೆಗೆ ತೀರ ಹತ್ತಿರದ ಅಂಕಿ ಬಂದು, ಎಲ್ಲವೂ ಸರಿಯಿದೆ ಎಂದೇ ಅಂದುಕೊಳ್ಳುತ್ತಿದ್ದೆ. 150 ಆಂಪಿಯರ್ ಹರಿಯುವ ದಾರಿಯಲ್ಲಿ ಓಮಿನ ನೂರನೆಯ ಒಂದು ಭಾಗದಷ್ಟು ಅಡ್ಡಿಯಿದ್ದರೂ 1.5 ವೋಲ್ಟ್ ನುಂಗಿಬಿಡುತ್ತದೆ. ಓಮನ ನಿಯಮವನ್ನು ಶಾಲೆಯ ದಿನಗಳಿಂದ ಬಾಯಿಪಾಠ ಮಾಡಿದ್ದ ನನಗೆ, ಆ ಗುಣಾಕಾರದ ಅರ್ಥ ಕಿಲುಬು ಹಿಡಿದ ಆ ಉಂಗುರವನ್ನು ಬೆರಳಿನಿಂದ ಉಜ್ಜಿದಾಗ ತಿಳಿಯಿತು. ಜಾಗವನ್ನು ಎಮರಿ ಕಾಗದದಿಂದ ತಿಕ್ಕಿ, ಬೋಲ್ಟ್ ಬಿಗಿದು ಮತ್ತೆ ಅಳೆದಾಗ 0.1 ಬಂತು, ಹಳೆಯ ಬ್ಯಾಟರಿಯಲ್ಲೇ ಎಂಜಿನ್ ಗಿರ್ರನೆ ತಿರುಗಿತು.

ಅಲ್ಲಿಂದ ಮುಂದೆ ಓದಿನ ರೀತಿಯೇ ಬದಲಾಯಿತು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು ಎಂಬುದನ್ನೂ, ಜಿರ್ಕೋನಿಯಾ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಏರಿಳಿಯುತ್ತಿರಬೇಕು ಎಂಬುದನ್ನೂ ಬಿಡಿ ಅಂಕಿಗಳಾಗಿ ಉರುಹಚ್ಚುವ ಬದಲು ಮೊದಲ ಅಂಕಣದಲ್ಲಿ ಬರೆದಿಡತೊಡಗಿದೆ. ನನಗೆ ಬಹಳ ಭಯವಿದ್ದ ಕ್ಯಾನ್ ಬಸ್, ಅಂದರೆ ಗಾಡಿಯ ಕಂಪ್ಯೂಟರುಗಳು ತಮ್ಮೊಳಗೆ ಸಂದೇಶ ಕಳಿಸಿಕೊಳ್ಳುವ ಎರಡು ತಂತಿಗಳ ಜಾಲದ ಪಾಠವೂ ಹೀಗೆಯೇ ಹಿಡಿತಕ್ಕೆ ಬಂತು: ಜಾಲದ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಬ್ಯಾಟರಿ ಕಳಚಿ ಎರಡು ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು; 120 ಬಂದರೆ ಎಲ್ಲೋ ಒಂದು ತುದಿ ಕಡಿದಿದೆ. ಪ್ರಾಯೋಗಿಕ ಪರೀಕ್ಷೆಯ ಭಾಗ ನನಗೆ ಅಷ್ಟು ಕಷ್ಟವಾಗಲಿಲ್ಲ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಟಾರ್ಕ್ ಮಾಡುವುದು, ಕ್ರ್ಯಾಂಕ್ ಜರ್ನಲನ್ನು ಮೈಕ್ರೋಮೀಟರಿನಲ್ಲಿ 0.01 ಮಿಲಿಮೀಟರಿನವರೆಗೆ ಓದುವುದು ಇವೆಲ್ಲ ಕೈಗೆ ರೂಢಿಯಾಗಿದ್ದವು.

ಲಿಖಿತ ಪರೀಕ್ಷೆಯ ದಿನ ವಿದ್ಯುತ್ತಿನ ಪ್ರಶ್ನೆಗಳನ್ನೆಲ್ಲ ನಿಶ್ಚಿಂತೆಯಿಂದ ಬಿಡಿಸಿದೆ. ಎಡವಿದ್ದು ವೀಲ್ ಅಲೈನ್‌ಮೆಂಟಿನ ಒಂದು ಪ್ರಶ್ನೆಯಲ್ಲಿ. ಎಡ ಚಕ್ರದ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ, ಬಲ ಚಕ್ರದ್ದಕ್ಕಿಂತ ಹೆಚ್ಚು ಪಾಸಿಟಿವ್ ಇದ್ದರೆ ಗಾಡಿ ಯಾವ ಕಡೆಗೆ ಎಳೆಯುತ್ತದೆ ಎಂದು ಕೇಳಿದ್ದರು. ಎಡಕ್ಕೆ ಎಂದು ಗುರುತು ಹಾಕಿದೆ. ಹೊರಗೆ ಬಂದ ಮೇಲೂ ಅದು ಮನಸ್ಸನ್ನು ಕೊರೆಯುತ್ತಿತ್ತು. ಮನೆಗೆ ಹೋಗದೆ ನೇರವಾಗಿ ವರ್ಕ್‌ಶಾಪಿಗೆ ಬಂದು, ಕಿರಿಯರಿಗೆ ಪಾಠ ಹೇಳುತ್ತಿದ್ದ ಮೇಷ್ಟರ ಬಳಿ ನಿಂತು, “ಸರ್, ಒಂದು ಪ್ರಶ್ನೆ ತಪ್ಪು ಬರೆದಿದ್ದೇನೆ ಅನಿಸುತ್ತಿದೆ” ಎಂದು ವಿಷಯ ಹೇಳಿದೆ. ಅವರು ಉತ್ತರ ಹೇಳಲಿಲ್ಲ. ಅಲೈನ್‌ಮೆಂಟ್ ಸ್ಟ್ಯಾಂಡಿನ ಮೇಲಿದ್ದ ಗಾಡಿಯ ಕಡೆ ಕೈ ತೋರಿಸಿ, “ಎಡಗಡೆ ಒಂದು ಡಿಗ್ರಿ ಹೆಚ್ಚಿಸಿ ಓಡಿಸಿ ನೋಡು” ಎಂದು ಸ್ಪಾನರ್ ಕೊಟ್ಟರು.

ಕ್ಯಾಸ್ಟರ್ ಹೊಂದಿಸಿ, ಟೋ ಮತ್ತೆ ಸರಿಪಡಿಸಿ, ಗಾಡಿಯನ್ನು ಕೆಳಗಿಳಿಸುವಷ್ಟರಲ್ಲಿ ಸಂಜೆಯಾಗಿತ್ತು. ಸಮತಟ್ಟಾದ ಅಂಗಳದಲ್ಲಿ ಸ್ಟೀರಿಂಗಿನ ಮೇಲೆ ಎರಡು ಬೆರಳನ್ನಷ್ಟೇ ಇಟ್ಟು ನಿಧಾನವಾಗಿ ಓಡಿಸಿ, ಬೆರಳು ತೆಗೆದೆ. ಗಾಡಿ ಮೆಲ್ಲಗೆ ಬಲಕ್ಕೆ ವಾಲಿತು. ಹೆಚ್ಚು ಪಾಸಿಟಿವ್ ಇರುವ ಕಡೆಗೆ ಎಳೆಯುವುದು ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ಕ್ಯಾಸ್ಟರಿನದು ಅದಕ್ಕೆ ವಿರುದ್ಧ. ಒಂದು ಅಂಕ ಹೋಗಿದ್ದು ಖಾತ್ರಿಯಾಯಿತು. ಸೀಟಿನಲ್ಲೇ ಕುಳಿತು, ನೋಟುಪುಸ್ತಕದಲ್ಲಿ ಉಳಿದಿದ್ದ ಕೊನೆಯ ಪುಟ ತೆಗೆದು, ಗ್ರೀಸು ಹತ್ತಿದ ಕೈಯಿಂದಲೇ ಮೂರು ಅಂಕಣಗಳನ್ನು ಎಳೆದೆ.