ಆರೂವರೆ ಗುಂಟೆಯ ನ್ಯಾಯ

ಫುಟ್‌ಬಾಲ್ ಮೈದಾನದ ಪೆನಾಲ್ಟಿ ಬಾಕ್ಸ್ ಎಷ್ಟು ಗುಂಟೆ ಎಂದು ಯಾರಾದರೂ ಕೇಳಿದರೆ ತಡವರಿಸದೆ ಹೇಳಬಲ್ಲೆ: ಆರೂವರೆ ಗುಂಟೆಗೆ ಒಂದಿಷ್ಟು ಮೇಲೆ. ಅಗಲ 40.32 ಮೀಟರ್, ಗೋಲ್ ಗೆರೆಯಿಂದ ಮೈದಾನದ ಒಳಕ್ಕೆ 16.5 ಮೀಟರ್. ಪೆನಾಲ್ಟಿ ಚುಕ್ಕೆ ಇರುವುದು 11 ಮೀಟರ್ ದೂರದಲ್ಲಿ. ನಾನು ಕೋಲಾರ ಜಿಲ್ಲೆಯಲ್ಲಿ ಪರವಾನಗಿ ಭೂಮಾಪಕ. ವಾರವೆಲ್ಲ ಜಮೀನು ಭಾಗ ಮಾಡುವ ಪೋಡಿ, ಗಡಿ ಗುರುತಿಸುವ ಹದ್ದುಬಸ್ತು ಎಂದು ಹೊಲಗಳಲ್ಲಿ ಅಲೆಯುತ್ತೇನೆ. ಭಾನುವಾರ ಬಂತೆಂದರೆ ಕರೆದವರ ಮೈದಾನಕ್ಕೆ ಹೋಗಿ ರೆಫರಿಯಾಗಿ ನಿಲ್ಲುತ್ತೇನೆ. ಹದಿನಾಲ್ಕು ವರ್ಷದಿಂದ ಎರಡೂ ಕೆಲಸ ಒಟ್ಟಿಗೆ ನಡೆದುಕೊಂಡು ಬಂದಿವೆ.

ಈ ಆಟ ನನಗೆ ಬಂದದ್ದು ಅಪ್ಪನಿಂದ. ಅವರು ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋಯಿತು, ಆಟ ಉಳಿಯಿತು. ಇಂದಿಗೂ ಊರಿಗಾಂ, ಚಾಂಪಿಯನ್ ರೀಫ್ಸ್ ಕಡೆ ಸಂಜೆ ಹೊತ್ತು ಹೋದರೆ ಬರಿಗಾಲಿನ ಹುಡುಗರು ಚೆಂಡಿನ ಹಿಂದೆ ಓಡುವುದು ಕಾಣುತ್ತದೆ.

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲಿನ ಭಾನುವಾರ, ಅಲ್ಲಿನ ಒಂದು ಮೈದಾನದಲ್ಲಿ ಹದಿನೇಳು ವರ್ಷದೊಳಗಿನವರ ಫೈನಲ್‌ಗೆ ನಾನು ರೆಫರಿ. ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸಿ ಬೀಸಿ ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿತ್ತು. ಯಾರೂ ಗೋಲು ಹೊಡೆದಿರಲಿಲ್ಲ. ಕೊನೆಯ ನಿಮಿಷ. ಒಂದು ಕಾರ್ನರ್ ಕಿಕ್ ಬಂತು, ಗೋಲ್‌ಕೀಪರ್ ಮುಂದೆ ಬಂದು ಚೆಂಡು ಸಿಗದೆ ಬಿದ್ದ, ಒಂಬತ್ತನೇ ಅಂಗಿಯ ಹುಡುಗ ತಲೆಕೊಟ್ಟ. ಚೆಂಡು ನೇರವಾಗಿ ಬಲೆಯ ಕಡೆಗೆ ಹೊರಟಿತ್ತು. ಗೆರೆಯ ಮೇಲೆ ನಿಂತಿದ್ದ ನಾಲ್ಕನೇ ಅಂಗಿಯ ಹುಡುಗ ಎರಡೂ ಕೈ ಎತ್ತಿ ಅದನ್ನು ತಳ್ಳಿಬಿಟ್ಟ.

ನಾನು ಆರು ಹೆಜ್ಜೆ ದೂರದಲ್ಲಿದ್ದೆ. ಸೀಟಿ ಊದಿದೆ, ಕೆಂಪು ಕಾರ್ಡ್ ತೋರಿಸಿದೆ, ಚುಕ್ಕೆಯ ಕಡೆ ಕೈ ಮಾಡಿದೆ. ಹುಡುಗ ವಾದಿಸಲಿಲ್ಲ. ಅಂಗೈ ಎರಡನ್ನೂ ನನ್ನ ಮುಂದೆ ಹಿಡಿದ. ಅಂಗೈ ತುಂಬ ಕೆಮ್ಮಣ್ಣು, ಅದರಲ್ಲಿ ಚೆಂಡಿನ ಹೊಲಿಗೆಯ ಅಚ್ಚು ಒತ್ತಿದಂತೆ ಮೂಡಿತ್ತು.

ಒಂಬತ್ತನೇ ಅಂಗಿಯವನೇ ಪೆನಾಲ್ಟಿ ಒದೆಯಲು ಬಂದ. ಅವನ ಮೊಣಕಾಲು ನಡುಗುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಚೆಂಡು ಕ್ರಾಸ್‌ಬಾರ್ ಮೇಲಿನಿಂದ ಹಾರಿ ರಸ್ತೆಗೆ ಬಿತ್ತು. ಆಮೇಲೆ ಟೈ ಬಿಡಿಸುವ ಪೆನಾಲ್ಟಿಗಳಲ್ಲಿ ಅವನ ತಂಡ ಸೋತಿತು. ಕೈಯಿಂದ ತಡೆದ ಹುಡುಗನನ್ನು ಗೆಳೆಯರು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು.

ನಾನು ಬ್ಯಾಗು ಕಟ್ಟುತ್ತಿದ್ದಾಗ ಸೋತ ತಂಡದ ನಾಯಕ ಬಂದು ಪಕ್ಕದಲ್ಲಿ ನಿಂತ. "ಸಾರ್, ನೀವು ಕೊಟ್ಟ ತೀರ್ಪು ನಿಯಮದ ಪ್ರಕಾರವೇ ಇದೆ, ಒಪ್ಪುತ್ತೇನೆ. ಆದರೆ ನಮ್ಮ ಗೋಲು ಎಲ್ಲಿ ಹೋಯಿತು ಸಾರ್?" ಎಂದ.

ಉತ್ತರ ಹೇಳಲಾಗಲಿಲ್ಲ. ಬಂಗಾರಪೇಟೆಯವರೆಗೆ ರೈಲಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ.

ನನ್ನ ವೃತ್ತಿಯಲ್ಲಿ ಇಂಥ ಪ್ರಶ್ನೆಗೆ ಉತ್ತರವಿದೆ. ಒಬ್ಬ ರೈತನ ಎರಡು ಗುಂಟೆಯನ್ನು ಪಕ್ಕದವನು ಒತ್ತುವರಿ ಮಾಡಿದ್ದಾನೆ ಎಂದುಕೊಳ್ಳಿ. ಅಳತೆ ಮಾಡಿ, ಕಲ್ಲು ನೆಟ್ಟು, ಆ ಎರಡು ಗುಂಟೆಯನ್ನೇ ಅವನಿಗೆ ಗುರುತಿಸಿ ಕೊಡುತ್ತೇವೆ. "ನಾಲ್ಕು ಚೀಟಿ ಹಾಕಿದ್ದೇನೆ, ಒಂದು ಎತ್ತು, ಮೂರರಲ್ಲಿ ನಿನ್ನ ಹೆಸರಿದೆ, ಒಂದರಲ್ಲಿ ಅವನ ಹೆಸರಿದೆ" ಎನ್ನುವುದಿಲ್ಲ. ಪೆನಾಲ್ಟಿ ಎಂದರೆ ಆ ಚೀಟಿಯೇ. ದೊಡ್ಡ ಪಂದ್ಯಗಳಲ್ಲಿ ನಾಲ್ಕು ಪೆನಾಲ್ಟಿಗಳಲ್ಲಿ ಸುಮಾರು ಮೂರು ಗೋಲಾಗುತ್ತವೆ. ಗೆರೆ ದಾಟುವುದು ಖಚಿತವಿದ್ದ ಚೆಂಡನ್ನು ಕೈಯಿಂದ ತಡೆದವನಿಗೆ ನಾಲ್ಕರಲ್ಲಿ ಒಂದು ಪಾಲು ಲಾಭ ಉಳಿದೇ ಉಳಿಯುತ್ತದೆ. ತಪ್ಪು ಮಾಡಿದವನ ಕೈಯಲ್ಲಿ ಲಾಭ ಉಳಿಸುವ ನಿಯಮವನ್ನು ನ್ಯಾಯವೆಂದು ಒಪ್ಪಲು ನನ್ನಿಂದ ಆಗುವುದಿಲ್ಲ.

ಇದು ನಮ್ಮ ಹುಡುಗರಿಗಷ್ಟೇ ಆದದ್ದಲ್ಲ. 2010ರ ಜುಲೈ 2ರಂದು ಜೋಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಘಾನಾಕ್ಕೆ ಉರುಗ್ವೆ ಎದುರಾಳಿ. 1-1. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿತ್ತು. ಘಾನಾದ ಅಡಿಯಾ ತಲೆಯಿಂದ ಹೊಡೆದ ಚೆಂಡನ್ನು ಉರುಗ್ವೆಯ ಲೂಯಿಸ್ ಸುವಾರೆಜ್ ಗೆರೆಯ ಮೇಲೆ ಕೈಯಿಂದ ತಡೆದರು. ಕೆಂಪು ಕಾರ್ಡ್, ಪೆನಾಲ್ಟಿ. ಅಸಮೋವಾ ಗ್ಯಾನ್ ಒದ್ದ ಚೆಂಡು ಕ್ರಾಸ್‌ಬಾರ್‌ಗೆ ಬಡಿಯಿತು. ಹೊರಗೆ ಹೋಗುತ್ತಿದ್ದ ಸುವಾರೆಜ್ ಅದನ್ನು ನೋಡಿ ಕುಣಿದರು. ಪೆನಾಲ್ಟಿ ಶೂಟೌಟ್‌ನಲ್ಲಿ ಉರುಗ್ವೆ 4-2ರಿಂದ ಗೆದ್ದಿತು. ಆ ಚೆಂಡು ಒಳಗೆ ಹೋಗಿದ್ದರೆ ವಿಶ್ವಕಪ್ ಸೆಮಿಫೈನಲ್ ಆಡಿದ ಮೊದಲ ಆಫ್ರಿಕನ್ ದೇಶ ಘಾನಾ ಆಗುತ್ತಿತ್ತು. ಆಫ್ರಿಕಾ ಅದಕ್ಕಾಗಿ 2022ರಲ್ಲಿ ಮೊರಾಕ್ಕೊ ಬರುವವರೆಗೆ ಕಾಯಬೇಕಾಯಿತು. ಸುವಾರೆಜ್‌ರನ್ನು ಬೈಯುವವರು ಬೈಯಲಿ. ನನಗೆ ಸಿಟ್ಟು ಬರುವುದು ಅವರ ಮೇಲಲ್ಲ, ಅಂಥ ಕೆಲಸವನ್ನು ಲಾಭದಾಯಕ ಮಾಡಿಟ್ಟ ನಿಯಮದ ಮೇಲೆ.

ಪೆನಾಲ್ಟಿ ಹುಟ್ಟಿದ್ದು ಇಂಥ ಮೋಸಕ್ಕೆ ಮದ್ದಾಗಿಯೇ. ಐರ್ಲೆಂಡಿನ ಗೋಲ್‌ಕೀಪರ್ ವಿಲಿಯಂ ಮೆಕ್ರಮ್ ಈ ಸಲಹೆ ಮುಂದಿಟ್ಟಾಗ ಅನೇಕರು ಮೂಗು ಮುರಿದರು. ಸಭ್ಯರು ಆಡುವ ಆಟದಲ್ಲಿ ಬೇಕೆಂದೇ ಮೋಸ ಮಾಡುವವರು ಇದ್ದಾರೆಯೇ ಎಂಬುದು ಅವರ ಆಕ್ಷೇಪ. 1891ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯದಲ್ಲಿ ನಾಟ್ಸ್ ಕೌಂಟಿಯ ಆಟಗಾರನೊಬ್ಬ ಗೆರೆಯ ಮೇಲೆ ಚೆಂಡನ್ನು ಕೈಯಿಂದ ತಡೆದ. ಸ್ಟೋಕ್ ತಂಡಕ್ಕೆ ಸಿಕ್ಕಿದ್ದು ಗೋಲಿನ ಬಾಯಿಯಲ್ಲೇ ಒಂದು ಫ್ರೀ ಕಿಕ್. ಗೋಲ್‌ಕೀಪರ್ ಚೆಂಡಿನ ಮುಂದೆಯೇ ನಿಂತು ಅದನ್ನು ತಡೆದುಬಿಟ್ಟ, ಸ್ಟೋಕ್ 1-0ಯಿಂದ ಸೋತಿತು. ಅದೇ ವರ್ಷದ ಜೂನ್‌ನಲ್ಲಿ ಪೆನಾಲ್ಟಿ ನಿಯಮ ಜಾರಿಗೆ ಬಂತು. ಇವತ್ತಿನ ಬಾಕ್ಸು, ಚುಕ್ಕೆ ಬಂದದ್ದು 1902ರಲ್ಲಿ.

ಅಲ್ಲಿಂದಲೇ ಇನ್ನೊಂದು ತೊಡಕು ಶುರುವಾಯಿತು. ಬಾಕ್ಸಿನ ಮೂಲೆಯಲ್ಲಿ ಗೋಲಿಗೆ ಬೆನ್ನು ಹಾಕಿ ಹೊರಗಡೆ ಓಡುತ್ತಿರುವವನ ಕಾಲಿಗೆ ಕಾಲು ತಗುಲಿತು ಎನ್ನಿ. ಗೋಲಾಗುವ ಮಾತೇ ಇರಲಿಲ್ಲ. ಆದರೂ ಅದೇ 11 ಮೀಟರ್, ಅದೇ ಪೆನಾಲ್ಟಿ. ಒಂದು ಗೇಣು ಹೊರಗೆ ತಗುಲಿದ್ದರೆ ಬರೀ ಫ್ರೀ ಕಿಕ್, ಎದುರಿಗೆ ಆಟಗಾರರ ಗೋಡೆ. ಗೆರೆಯ ಬೆಲೆ ಏನೆಂದು ಅಳತೆಯವನಾದ ನನಗೆ ಯಾರೂ ಹೇಳಬೇಕಿಲ್ಲ. ಬಾಂದು ಕಲ್ಲು ಒಂದು ಅಡಿ ಜರುಗಿದರೆ ಅಣ್ಣತಮ್ಮಂದಿರು ಮಾತು ಬಿಡುವುದನ್ನು ಕಂಡಿದ್ದೇನೆ. ಆದರೆ ಜಮೀನಿನಲ್ಲಿ ಒಂದು ಅಡಿಗೆ ಒಂದು ಅಡಿಯದ್ದೇ ಬೆಲೆ. ಇಲ್ಲಿ ಒಂದು ಗೇಣಿಗೆ ಇಡೀ ಪಂದ್ಯವೇ ಬೆಲೆ. ಬಾಕ್ಸಿನೊಳಗೆ ಪರೋಕ್ಷ ಫ್ರೀ ಕಿಕ್, ಅಂದರೆ ಇನ್ನೊಬ್ಬ ಆಟಗಾರನಿಗೆ ತಾಗಿದ ಮೇಲಷ್ಟೇ ಗೋಲಾಗುವ ಒದೆತ, ಕೊಡುವ ವ್ಯವಸ್ಥೆ ನಿಯಮದಲ್ಲಿ ಈಗಲೂ ಇದೆ. ಜೊತೆಯವನು ಕಾಲಿನಿಂದ ಬೇಕೆಂದೇ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿದರೆ ಅದನ್ನೇ ಕೊಡುತ್ತೇವೆ. ಗೋಲಿನ ಅವಕಾಶವನ್ನು ಕಸಿಯದ ಸಣ್ಣ ತಪ್ಪುಗಳಿಗೂ ಅದು ಸಾಕು.

ಕೆಂಪು ಕಾರ್ಡಿನ ಸಂಗತಿ ಇನ್ನೂ ವಿಚಿತ್ರ. ಅದರ ಭಾರ ತಪ್ಪನ್ನು ನೋಡಿ ಬೀಳುವುದಿಲ್ಲ, ಗಡಿಯಾರವನ್ನು ನೋಡಿ ಬೀಳುತ್ತದೆ. ಹತ್ತನೇ ನಿಮಿಷದಲ್ಲಿ ಕೊಟ್ಟರೆ ಎಂಬತ್ತು ನಿಮಿಷ ಹತ್ತೇ ಮಂದಿ ಓಡಬೇಕು. ಕೊನೆಯ ನಿಮಿಷದಲ್ಲಿ ಕೊಟ್ಟರೆ ತಂಡಕ್ಕೆ ಬಿಸಿಯೇ ತಟ್ಟುವುದಿಲ್ಲ. 2006ರ ಚಾಂಪಿಯನ್ಸ್ ಲೀಗ್ ಫೈನಲ್‌ನ 18ನೇ ನಿಮಿಷದಲ್ಲಿ ಆರ್ಸೆನಲ್ ಗೋಲ್‌ಕೀಪರ್ ಲೆಹ್ಮನ್ ಬಾಕ್ಸಿನ ಹೊರಗೆ ಬಾರ್ಸಿಲೋನಾದ ಎಟೊ ಅವರನ್ನು ಬೀಳಿಸಿದರು. ಚೆಂಡು ಎಟೊ ಅವರ ಜೊತೆಗಾರ ಜೂಲಿಗೆ ಸಿಕ್ಕಿ ಅವರು ಬಲೆಗೆ ಹಾಕಿಯೂ ಆಗಿತ್ತು. ಆದರೆ ಅಷ್ಟರಲ್ಲಿ ಸೀಟಿ ಊದಿದ್ದರಿಂದ ಗೋಲು ಲೆಕ್ಕಕ್ಕಿಲ್ಲ, ಲೆಹ್ಮನ್ ಹೊರಕ್ಕೆ. ಬಾರ್ಸಿಲೋನಾಗೆ ಗೋಲು ಹೋಯಿತು, ಆರ್ಸೆನಲ್‌ಗೆ ಆಟಗಾರ ಹೋದ. ನೋಡುವವರಿಗೆ ಹನ್ನೊಂದು ಮಂದಿಯ ಆಟವೇ ಹೋಯಿತು. ಗೋಲು ಕೊಟ್ಟು ಹಳದಿ ಕಾರ್ಡ್ ತೋರಿಸಿದ್ದರೆ ಯಾರಿಗೂ ನಷ್ಟವಿರಲಿಲ್ಲ.

2016ರಲ್ಲಿ ಒಂದು ಒಳ್ಳೆಯ ತಿದ್ದುಪಡಿ ಬಂತು. ಬಾಕ್ಸಿನೊಳಗೆ ಚೆಂಡಿಗಾಗಿ ಪ್ರಾಮಾಣಿಕವಾಗಿ ಕಾಲು ಹಾಕಿ ಎದುರಾಳಿಯನ್ನು ಬೀಳಿಸಿದವನಿಗೆ ಪೆನಾಲ್ಟಿಯ ಜೊತೆ ಈಗ ಹಳದಿ ಕಾರ್ಡ್ ಮಾತ್ರ. ಅದಕ್ಕೂ ಮೊದಲು ಪೆನಾಲ್ಟಿ, ಕೆಂಪು ಕಾರ್ಡ್, ಮುಂದಿನ ಪಂದ್ಯಕ್ಕೆ ನಿಷೇಧ ಎಂದು ಒಂದೇ ತಪ್ಪಿಗೆ ಮೂರು ಏಟು ಬೀಳುತ್ತಿದ್ದವು. ಹಾಕಿಯವರು ಇನ್ನೂ ಮುಂದಿದ್ದಾರೆ. ಅಲ್ಲಿ ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿಗೆ ಕನಿಷ್ಠ ಐದು ನಿಮಿಷ ಹೊರಗೆ. ಎರಡು ಹಳದಿ ಕಾರ್ಡ್ ಪಡೆದ ಫುಟ್‌ಬಾಲ್ ಆಟಗಾರನನ್ನೂ ಹೀಗೆಯೇ ಹತ್ತು ನಿಮಿಷ ಕೂರಿಸಬಹುದು. ಹೊಡೆದವನಿಗೆ, ಉಗಿದವನಿಗೆ, ಕಾಲು ಮುರಿಯುವಂತೆ ಮೇಲೆ ಬಿದ್ದವನಿಗೆ ಕೆಂಪು ಕಾರ್ಡ್ ಇರಲೇಬೇಕು. ಅದರಲ್ಲಿ ನಾನು ಒಂದಿಂಚೂ ಸಡಿಲ ಮಾಡುವುದಿಲ್ಲ.

ಕೈಯಿಂದ ತಡೆದ ಚೆಂಡನ್ನು ಗೋಲೆಂದೇ ಎಣಿಸಬೇಕು ಎಂದರೆ, "ಹೋಗುತ್ತಿತ್ತು ಎಂದು ಹೇಳುವುದಕ್ಕೆ ರೆಫರಿ ಯಾರು?" ಎಂದು ಕೇಳುತ್ತಾರೆ. ಕೇಳಬೇಕಾದ ಮಾತೇ. ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವಿಎಆರ್ ಪರದೆ ನಮ್ಮ ಮೈದಾನಗಳಲ್ಲಿಲ್ಲ, ಇರುವುದು ನನ್ನ ಎರಡು ಕಣ್ಣು. ಆದರೆ ಖಚಿತವಾದ ಗೋಲಿನ ಅವಕಾಶ ತಪ್ಪಿಸಿದ ಎಂದು ಕೆಂಪು ಕಾರ್ಡ್ ಎತ್ತುವಾಗಲೂ ನಾನು ಅದೇ ಕಣ್ಣನ್ನು ನಂಬಿರುತ್ತೇನೆ. ಒಬ್ಬ ಹುಡುಗನನ್ನು ಹೊರಗೆ ಹಾಕಲು ಸಾಲುವ ಖಾತ್ರಿ ಇನ್ನೊಬ್ಬ ಹುಡುಗನಿಗೆ ಅವನ ಗೋಲನ್ನು ಕೊಡಲು ಏಕೆ ಸಾಲದು? ರಗ್ಬಿಯಲ್ಲಿ ಪೆನಾಲ್ಟಿ ಟ್ರೈ ಎಂಬುದಿದೆ: ತಪ್ಪು ನಡೆಯದಿದ್ದರೆ ಅಂಕ ಬಹುತೇಕ ಬರುತ್ತಿತ್ತು ಎನಿಸಿದರೆ ರೆಫರಿ ಅಂಕವನ್ನೇ ಕೊಡುತ್ತಾರೆ. ಅನುಮಾನವಿದ್ದಾಗ ಪೆನಾಲ್ಟಿ ಇದ್ದೇ ಇದೆ.

ಕಳೆದ ದಸರಾ ರಜೆಯಲ್ಲಿ ನಮ್ಮೂರಿನ ಕೆರೆ ಅಂಗಳದಲ್ಲಿ ಹುಡುಗರದ್ದೇ ಒಂದು ಸ್ನೇಹದ ಪಂದ್ಯ ನಡೆಯಿತು. ಎರಡೂ ನಾಯಕರನ್ನು ಕೂರಿಸಿಕೊಂಡು ಈ ಮಾತುಗಳನ್ನೆಲ್ಲ ಹೇಳಿದೆ, ಅವರು ಒಪ್ಪಿದರು. ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ಏಳನೇ ತರಗತಿಯ ಹುಡುಗಿಯೊಬ್ಬಳು ಹಿಡಿದಳು. ಇಬ್ಬರೂ ಸೇರಿ ಸುಣ್ಣ ಹಾಕಿದೆವು. ಪಂದ್ಯದಲ್ಲಿ ಒಂದೇ ಒಂದು ಸಲ ಹೊಸ ನಿಯಮ ಬಳಕೆಗೆ ಬಂತು. ಬಾಕ್ಸಿನ ಬಲ ಮೂಲೆಯಲ್ಲಿ ಒಬ್ಬನ ಅಂಗಿ ಹಿಡಿದು ಎಳೆದರು, ಪರೋಕ್ಷ ಫ್ರೀ ಕಿಕ್ ಕೊಟ್ಟೆ. ಚೆಂಡು ಗೋಡೆಯಲ್ಲಿ ನಿಂತವನ ಮೊಣಕಾಲಿಗೆ ಬಡಿದು ಜಾಲಿ ಪೊದೆಗೆ ಹೋಯಿತು. ಅಂಗಿ ಎಳೆದವನೇ ಓಡಿಹೋಗಿ ಮುಳ್ಳಿನ ನಡುವಿನಿಂದ ಅದನ್ನು ತಂದುಕೊಟ್ಟ. ಯಾರೂ ನನ್ನ ಸುತ್ತ ಸೇರಿ ಕೂಗಾಡಲಿಲ್ಲ. ಗೆರೆಯ ಮೇಲೆ ಕೈ ಒಡ್ಡುವ ಪ್ರಸಂಗ ಮಾತ್ರ ಇನ್ನೂ ಬಂದಿಲ್ಲ. ಯುಗಾದಿಗೆ ಮತ್ತೆ ಆಡಿಸುವುದಾಗಿ ಹೇಳಿದ್ದೇನೆ, ಕೆಜಿಎಫ್‌ನ ಆ ನಾಯಕನಿಗೂ ಫೋನ್ ಮಾಡಿ ಬರಲು ಹೇಳಿದ್ದೇನೆ.