ಗಡಸು ನೀರಿನಲ್ಲಿ ಕುಗ್ಗಿದ ಪೀಕ್

ನೀರಿನಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕ ಎಷ್ಟಿದೆ ಎಂದು ಪತ್ತೆ ಹಚ್ಚುವ ವಿಧಾನದ ವ್ಯಾಲಿಡೇಶನ್, ಅಂದರೆ ಆ ವಿಧಾನವನ್ನು ನಂಬಬಹುದೇ ಎಂಬ ಪರೀಕ್ಷೆ, ನಡೆಯುತ್ತಿತ್ತು. ಶುದ್ಧ ನೀರಿನ ಹಂತ ಸಲೀಸಾಗಿ ಮುಗಿದಿತ್ತು. ಅವತ್ತು ಬಾವಿ ನೀರಿನ ಸರದಿ.

ಮಾಡುವ ಕೆಲಸ ಇಷ್ಟೇ. ಕಳೆನಾಶಕ ಇಲ್ಲದ ನೀರಿಗೆ ನಾವೇ ಅಳತೆ ಮಾಡಿ ಬೆರೆಸುತ್ತೇವೆ, ಯಂತ್ರ ಅದರಲ್ಲಿ ಎಷ್ಟನ್ನು ತೋರಿಸುತ್ತದೆ ಎಂದು ನೋಡುತ್ತೇವೆ. ಅದೇ ರಿಕವರಿ. ಶೇಕಡಾ 70ರಿಂದ 120ರ ಒಳಗೆ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅವತ್ತಿನ ರಿಕವರಿಯೂ ಅದರೊಳಗೇ ಬಂದಿತ್ತು. ಆದರೂ ಪರದೆ ಮೇಲಿನ ಪೀಕ್ (ಗ್ಲೈಫೋಸೇಟ್ ಇದೆ ಎಂದು ಯಂತ್ರ ಗೆರೆಯಲ್ಲಿ ತೋರಿಸುವ ಏರು) ನೋಡಿ ನನಗೆ ಸಮಾಧಾನವಾಗಲಿಲ್ಲ. ಶುದ್ಧ ನೀರಿನಲ್ಲಿ ನೆಟ್ಟಗೆ ಎದ್ದು ನಿಂತಿದ್ದ ಪೀಕ್, ಇಲ್ಲಿ ಕುಗ್ಗಿ ಬೇಸ್‌ಲೈನಿನ ಗದ್ದಲಕ್ಕೆ, ಅಂದರೆ ಏನೂ ಇಲ್ಲದಾಗಲೂ ಗೆರೆಯಲ್ಲಿ ಕಾಣುವ ಸಣ್ಣ ಏರಿಳಿತಕ್ಕೆ, ತಾಗುವಂತಿತ್ತು.

ಮತ್ತೆ ರಿಕವರಿ ಚೆನ್ನಾಗಿ ಬಂದದ್ದು ಹೇಗೆ? ಭಾರದ ಐಸೋಟೋಪ್ ಇರುವ ಗ್ಲೈಫೋಸೇಟನ್ನು ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ, ಅಂದರೆ ಹೋಲಿಸಿ ನೋಡುವ ಅಳತೆಗೋಲಾಗಿ, ಮೊದಲೇ ಹಾಕಿರುತ್ತೇವೆ. ಲೆಕ್ಕ ಹಾಕುವುದು ಎರಡರ ಪೀಕುಗಳ ಅನುಪಾತದಿಂದ. ಎರಡೂ ಒಟ್ಟಿಗೆ ಕಳೆದುಹೋದರೆ ಅನುಪಾತ ಬದಲಾಗುವುದಿಲ್ಲ, ಅಲ್ವಾ? ಲೆಕ್ಕ ಸರಿಯಾಗೇ ಕಾಣುತ್ತದೆ. ಆದರೆ ಯುರೋಪಿನ ಕುಡಿಯುವ ನೀರಿನ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ. ಅಷ್ಟು ಕಡಿಮೆ ಮಟ್ಟದಲ್ಲಿ ಪೀಕ್ ಹೀಗೆ ಕುಗ್ಗಿದರೆ ಏನೂ ಕಾಣದೇ ಹೋಗಬಹುದು. ವಿಷ ಇದ್ದರೂ ಇಲ್ಲ ಎಂದು ವರದಿ ಕೊಟ್ಟಂತಾಗುತ್ತದೆ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುವ ಸಂಗತಿ.

ನಷ್ಟ ಎಲ್ಲಿ ಆಗುತ್ತಿದೆ? ಗ್ಲೈಫೋಸೇಟನ್ನು ಯಂತ್ರ ಸುಲಭವಾಗಿ ಗುರುತಿಸಲಿ ಎಂದು ಅದಕ್ಕೆ ಎಫ್‌ಮಾಕ್ ಎಂಬ ರಾಸಾಯನಿಕ ಜೋಡಿಸುತ್ತೇವೆ. ಅದರ ಜೊತೆ ಮೊದಲೇ ಪ್ರತಿಕ್ರಿಯೆ ಮುಗಿಸಿದ ಗ್ಲೈಫೋಸೇಟ್ ಸ್ಟ್ಯಾಂಡರ್ಡನ್ನು (ಪ್ರಮಾಣ ಗೊತ್ತಿರುವ ದ್ರಾವಣವನ್ನು) ತಯಾರಾದ ಬಾವಿ ನೀರಿನ ಸ್ಯಾಂಪಲಿಗೆ ಕೊನೆಯಲ್ಲಿ ಸೇರಿಸಿದೆವು. ಪೀಕ್ ಚೆನ್ನಾಗಿಯೇ ಬಂತು. ಅಂದರೆ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ ಒಳಗೆ ಸಿಗ್ನಲ್ ಅಡಗುತ್ತಿಲ್ಲ, ತೊಂದರೆ ಅದಕ್ಕೂ ಮೊದಲೇ ಇದೆ.

ಆ ಬಾವಿ ನೀರು ತುಂಬಾ ಗಡಸು. ಗ್ಲೈಫೋಸೇಟಿಗೆ ಕ್ಯಾಲ್ಸಿಯಂನಂಥ ಲೋಹಗಳನ್ನು ಹಿಡಿದುಕೊಳ್ಳುವ ಗುಣ ಇದೆ. ಹಾಗೆ ಕಟ್ಟಿಕೊಂಡು ಕೂತದ್ದು ಎಫ್‌ಮಾಕ್ ಕೈಗೆ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಆ ಹಿಡಿತ ಬಿಡಿಸಲು ಸ್ಯಾಂಪಲಿಗೆ ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ ಸುಮಾರು 1ಕ್ಕೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಕ್ಷಾರ ಹಾಕಿ ಸರಿದೂಗಿಸಿ, ಬೋರೇಟ್ ಬಫರಿನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಪಿಎಚ್ 9ಕ್ಕೆ ತಂದು ಎಫ್‌ಮಾಕ್ ಬೆರೆಸಿದೆವು. ಬಾಟಲಿಗಳೆಲ್ಲ ಪ್ಲಾಸ್ಟಿಕ್ಕಿನವೇ, ಏಕೆಂದರೆ ಗ್ಲೈಫೋಸೇಟ್ ಗಾಜಿಗೆ ಅಂಟಿಕೊಳ್ಳುತ್ತದೆ.

ಸಂಜೆ ಹೊತ್ತಿಗೆ ಪೀಕ್ ಮೇಲೆದ್ದಿತು. ಎಷ್ಟು ಖುಷಿಯಾಯಿತು ಗೊತ್ತಾ! ಆಮ್ಲದ ಹಂತವನ್ನು ವಿಧಾನಕ್ಕೆ ಸೇರಿಸಿ, ಕಡಿಮೆ ಮಟ್ಟದ ಸ್ಪೈಕುಗಳನ್ನು (ನಾವೇ ಗ್ಲೈಫೋಸೇಟ್ ಬೆರೆಸಿದ ಸ್ಯಾಂಪಲುಗಳನ್ನು) ಮತ್ತೆ ಮೊದಲಿನಿಂದ ಓಡಿಸಿದೆವು. ಈಗ ನಮ್ಮ ವರದಿಯಲ್ಲಿ ರಿಕವರಿಯ ಪಕ್ಕದಲ್ಲೇ ಇಂಟರ್ನಲ್ ಸ್ಟ್ಯಾಂಡರ್ಡಿನ ಪೀಕ್ ಏರಿಯಾ (ಪೀಕ್ ಎಷ್ಟು ದೊಡ್ಡದು ಎಂಬ ಅಳತೆ) ಕೂಡ ಇರುತ್ತದೆ, ಅದು ಕುಗ್ಗಿದರೆ ನಷ್ಟ ಗೊತ್ತಾಗಲಿ ಎಂದು.