ಕಿವಿಯ ತೊಂದರೆ ಕಣ್ಣಲ್ಲಿ ಕಂಡಿತು

ಅಮ್ಮನಿಗೆ ಎರಡು ದಿನದಿಂದ ತಲೆಸುತ್ತು ನಿಂತಿರಲಿಲ್ಲ. ಮಲಗಿದರೂ ಸೂರು ತಿರುಗುತ್ತೆ ಅನ್ನುತ್ತಿದ್ದರು. ನೀರು ಕುಡಿದರೂ ವಾಂತಿ. ಅಕ್ಕಪಕ್ಕದವರು ಪಿತ್ತ ಅಂದರು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಬಿಪಿ, ಶುಗರ್ ನೋಡಿ, ಕುತ್ತಿಗೆಯ ಎಕ್ಸ್‌ರೇ ತೆಗೆದು, ಮೂಳೆ ಸವೆದಿದೆ ಅಂತ ಕಾಲರ್ ಹಾಕಿ ಕಳಿಸಿದರು. ಅರವತ್ತು ದಾಟಿದ ಮೇಲೆ ಮೂಳೆ ಸವೆಯುವುದು ಮಾಮೂಲು. ತಲೆಸುತ್ತಿಗೆ ಅದೇ ಕಾರಣ ಅನ್ನಲು ಅಷ್ಟು ಸಾಲದು.

ಮರುದಿನ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆವು. "ಅಮ್ಮಾ, ಸುತ್ತು ಒಂದೇ ಸಮನೆ ಇದೆಯಾ, ಇಲ್ಲಾ ಮಗ್ಗುಲು ಬದಲಿಸಿದಾಗ ಮಾತ್ರ ಬಂದು ಹೋಗುತ್ತಾ?" ಅವರ ಮೊದಲ ಪ್ರಶ್ನೆಯೇ ಇದು. ಮಗ್ಗುಲಾದಾಗ ಬಂದು ನಿಮಿಷದೊಳಗೆ ಹೋಗುವುದಾದರೆ ಸಾಮಾನ್ಯವಾಗಿ ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪಿರುತ್ತವೆ. ಅಮ್ಮನದು ಬಿಡುವಿಲ್ಲದ ಸುತ್ತು. ಕಿವಿ ಮಾತ್ರ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆಮೇಲೆ ಡಾಕ್ಟರ್ ಎದುರು ಕೂತು, ಅಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ಮೂಗನ್ನೇ ನೋಡ್ತಾ ಇರಿ" ಅಂದರು. ತಲೆಯನ್ನು ಪಟ್ಟನೆ ಸ್ವಲ್ಪ ಎಡಕ್ಕೆ ತಿರುಗಿಸಿದರು. ಕಣ್ಣು ಮೂಗಿನ ಮೇಲೇ ನಿಂತಿತ್ತು. ಬಲಕ್ಕೆ ತಿರುಗಿಸಿದಾಗ ಕಣ್ಣೂ ತಲೆಯ ಜೊತೆ ಜಾರಿತು, ಮರುಕ್ಷಣ ಜಿಗಿದು ಮೂಗಿಗೆ ವಾಪಸ್ ಬಂತು. ಪಕ್ಕದಲ್ಲಿದ್ದ ನನಗೂ ಕಂಡಿತು! ಬಲಗಿವಿಯ ಸಮತೋಲನದ ನರಕ್ಕೆ ಉರಿಯೂತ, ವೆಸ್ಟಿಬ್ಯುಲರ್ ನ್ಯೂರೈಟಿಸ್ ಅಂದರು. ತಲೆ ತಿರುಗಿದಾಗ ನೋಟ ಜಾರದಂತೆ ಕಣ್ಣಿಗೆ ಸುದ್ದಿ ಮುಟ್ಟಿಸುವುದು ಈ ನರವೇ ಅಂತೆ. 1988ರಲ್ಲಿ ಹಾಲ್ಮಾಗಿ ಮತ್ತು ಕರ್ಥಾಯ್ಸ್ ಎಂಬ ಸಂಶೋಧಕರು ವಿವರಿಸಿದ ಪರೀಕ್ಷೆ ಇದು. ಯಂತ್ರ ಬೇಡ, ಪಳಗಿದ ಕೈ ಬೇಕು.

"ಸ್ಟ್ರೋಕ್ ಇರಬಹುದಾ?" ಅಂತ ಹೆದರುತ್ತಲೇ ಕೇಳಿದೆ. "ಹೀಗೆ ನಿಲ್ಲದೆ ಸುತ್ತುವಾಗ ಕಣ್ಣು ಜಾರದೇ ಇದ್ದಿದ್ದರೆ ನನಗೆ ಭಯ ಜಾಸ್ತಿ ಆಗ್ತಿತ್ತು" ಅಂದರು. ಆಗ ನರ ಸರಿಯಿದೆ, ತೊಂದರೆ ಮಿದುಳಿನಲ್ಲೇ ಇರಬಹುದು ಅಂತ ಅರ್ಥವಂತೆ. ಮಾತು ತೊದಲುತ್ತಿದೆಯಾ, ಎರಡೆರಡು ಕಾಣುತ್ತಾ, ಆಸರೆಯಿಲ್ಲದೆ ನಿಲ್ಲಲು ಆಗುತ್ತಾ ಅಂತಲೂ ನೋಡಿದರು.

ವಾಂತಿ ನಿಂತ ಮೇಲೆ ಇನ್ನೊಂದು ಪರೀಕ್ಷೆ. ಕಿವಿಗೆ 30 ಡಿಗ್ರಿಯ ನೀರು, ಆಮೇಲೆ 44 ಡಿಗ್ರಿಯದು. ಒಳಗಿವಿ, ನರ ಸರಿಯಿದ್ದರೆ ಇದಕ್ಕೆ ಕಣ್ಣು ಆಡಬೇಕಂತೆ. ಎಡಗಿವಿಗೆ ಬಿಟ್ಟಾಗ ಪರದೆ ಮೇಲೆ ಅಮ್ಮನ ಕಣ್ಣು ಪಟಪಟ ಎಳೆದಾಡಿತು. ಬಲಗಿವಿಗೆ ಬಿಟ್ಟಾಗ ಹೆಚ್ಚುಕಮ್ಮಿ ಸುಮ್ನೆ ಇತ್ತು. ಅನುಮಾನ ಉಳಿಯಲಿಲ್ಲ.

ಕಾಲರ್ ಅನ್ನು ಮೊದಲ ದಿನವೇ ತೆಗೆಸಿದ್ದರು. ತಲೆ ಆಡಿಸದಿದ್ದರೆ ಮಿದುಳು ಒಂದೇ ಕಿವಿಯ ಸುದ್ದಿಯಲ್ಲಿ ನಿಭಾಯಿಸಲು ಕಲಿಯುವುದಿಲ್ಲವಂತೆ. ಸುತ್ತು ತಡೆಯುವ ಮಾತ್ರೆಯನ್ನೂ ಕೆಲವೇ ದಿನಕ್ಕೆ ನಿಲ್ಲಿಸಿದರು. ಈಗ ಅಮ್ಮ ದಿನಾ ಸಂಜೆ ತಾರಸಿಯಲ್ಲಿ ಕತ್ತು ಆಚೆ ಈಚೆ ತಿರುಗಿಸುತ್ತಾ ನಡೆಯುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ.